ಪಾದಚಿಕಿತ್ಸೆ ಕಲಿಯಬೇಕೆಂಬ ಮಗಳಿಗೆ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: ಸಕ್ಕರೆ ಕಾಯಿಲೆಯಿಂದ ಅವರ ತಂದೆಯವರ ಹೆಬ್ಬೆರಳನ್ನು ತೆಗೆಯಬೇಕಾಯಿತು. ಅಜ್ಜನ ಆರೈಕೆ ಮಾಡುತ್ತಲೇ ಮಗಳಿಗೆ ಪೊಡಿಯಾಟ್ರಿ, ಅಂದರೆ ಪಾದಚಿಕಿತ್ಸೆ, ಓದುವ ಹಂಬಲ ಹುಟ್ಟಿದೆ. ಪಿಯುಸಿ ವಿಜ್ಞಾನ ಮುಗಿದಿದೆ, ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಸಾಲ ಮಾಡಿ ಬ್ರಿಟನ್ನಿಗೆ ಕಳಿಸಬೇಕೇ, ಇಲ್ಲಿಯೇ ಕೆಲವು ವಾರಗಳ ಸರ್ಟಿಫಿಕೇಟ್ ಕೋರ್ಸ್ ಸಾಕೇ?

ಸಂಪಾದಕರ ಉತ್ತರ:

ಮಾನ್ಯರೇ, ಸರ್ಟಿಫಿಕೇಟ್ ಕೋರ್ಸಿನ ಯೋಚನೆಯನ್ನು ದಯವಿಟ್ಟು ಕೈಬಿಡಿ. ಪಾದದಲ್ಲಿ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ನೋಡಲು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು, ದಡ್ಡುಗಟ್ಟಿದ ಜಾಗ ತಪ್ಪಿಸಿ ಅಂಗಾಲಿಗೆ ತಾಕಿಸಿ, ಕಣ್ಣು ಮುಚ್ಚಿದ ರೋಗಿಗೆ ಅದು ತಿಳಿಯಿತೇ ಎಂದು ಕೇಳುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ತಿಳಿಯಲಿಲ್ಲ ಎಂದು ರೋಗಿ ಹೇಳಿದ ಮೇಲೆ, ಭಾರ ಎಲ್ಲಿ ಬೀಳುತ್ತಿದೆ, ಬೆರಳ ತುದಿಯವರೆಗೆ ರಕ್ತ ಹರಿಯುತ್ತಿದೆಯೇ, ಪಾದರಕ್ಷೆಗೆ ಎಂಥ ಅಟ್ಟೆ ಬೇಕು, ಯಾವ ಹುಣ್ಣನ್ನು ಅದೇ ದಿನ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು ಎಂದು ನಿರ್ಧರಿಸಲು ವರ್ಷಗಳ ಓದು ಬೇಕು. ಆ ನಿರ್ಧಾರ ತಪ್ಪಿದರೆ ಕಾಲೇ ಹೋಗಬಹುದು.

ಬ್ರಿಟನ್ನಿನಲ್ಲಿ ಇದು ಸ್ವತಂತ್ರ ವೃತ್ತಿ. ಸಾಮಾನ್ಯವಾಗಿ 3 ವರ್ಷದ ಪದವಿ, ಬಳಿಕ ಕಡ್ಡಾಯ ನೋಂದಣಿ. ಅಮೆರಿಕದಲ್ಲಿ ಮೊದಲ ಪದವಿಯ ಮೇಲೆ 4 ವರ್ಷದ ಡಿಪಿಎಂ (ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್), ಅನಂತರ ಆಸ್ಪತ್ರೆಯಲ್ಲಿ 3 ವರ್ಷದ ತರಬೇತಿಯಾದ ರೆಸಿಡೆನ್ಸಿ. ಅಲ್ಲಿಯೇ ನೆಲೆಸುವ ಮನಸ್ಸಿದ್ದರೆ ಸಾಲಕ್ಕೆ ಅರ್ಥವಿದೆ. ಮರಳಿ ಬರುವುದಾದರೆ, ಆ ಪದವಿಗಳು ಇಲ್ಲಿ ಎಂಬಿಬಿಎಸ್‌ಗೆ ಸಮವಾಗುವುದಿಲ್ಲ ಎಂಬುದನ್ನು ಈಗಲೇ ತಿಳಿದಿರಬೇಕು.

ನಮ್ಮಲ್ಲಿ ಪಿಯುಸಿ ಆದ ಮೇಲೆ ನೇರವಾಗಿ ಸೇರುವ ಪೊಡಿಯಾಟ್ರಿ ಪದವಿ ರೂಢಿಗೆ ಬಂದಿಲ್ಲ. ಪಾದದ ಶಸ್ತ್ರಚಿಕಿತ್ಸೆ ಮಾಡುವವರು ಎಂಬಿಬಿಎಸ್, ಎಂಎಸ್ ಮುಗಿಸಿ ಈ ಕ್ಷೇತ್ರಕ್ಕೆ ಬಂದವರು. ಆದರೆ ಪಾದ ಉಳಿಸುವ ಕೆಲಸವೆಲ್ಲ ಚಾಕು ಹಿಡಿದವರದ್ದೇ ಅಲ್ಲ. ಹುಣ್ಣಿನ ಮೇಲಿನ ಭಾರವನ್ನು ಇಳಿಸದಿದ್ದರೆ ಎಷ್ಟು ಡ್ರೆಸ್ಸಿಂಗ್ ಮಾಡಿದರೂ ಅದು ಮಾಯುವುದಿಲ್ಲ. ಅದನ್ನು ಇಳಿಸುವ ಒಳ ಅಟ್ಟೆ, ಬೂಟು, ಪಟ್ಟಿಗಳನ್ನು ಅಳತೆ ತೆಗೆದು ಮಾಡಿಕೊಡುವವರು ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ (ಕೃತಕ ಅಂಗ ಮತ್ತು ಅಂಗಗಳಿಗೆ ಆಧಾರ ಕೊಡುವ ಸಾಧನಗಳ ತಯಾರಿ) ಪದವೀಧರರು. ಬೆಂಗಳೂರಿನ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ ಈ ಪದವಿಯಿದ್ದು, ಓದಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಫಿಸಿಯೋಥೆರಪಿ, ನರ್ಸಿಂಗ್ ಓದಿಯೂ ಪಾದದ ಆರೈಕೆಗೆ ತಿರುಗಬಹುದು. ನಿಮ್ಮ ಮಗಳ ವಿಷಯದಲ್ಲಿ ನನ್ನ ಒಲವು ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ ಕಡೆಗೇ ಇದೆ.

ಅರ್ಜಿ ಹಾಕುವ ಮುನ್ನ ಅವಳು ಪಾದದ ಕ್ಲಿನಿಕ್ಕೊಂದರಲ್ಲಿ ಅನುಮತಿ ಪಡೆದು ಕೆಲವು ದಿನ ಕುಳಿತು ನೋಡಲಿ. ರಾಜ್ಯ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಅಲ್ಲಿ ವಿಚಾರಿಸಿ. ಕೊಳೆತ ಗಾಯದ ವಾಸನೆಯನ್ನು ಸಹಿಸಿಕೊಂಡು ರೋಗಿಯೊಡನೆ ಸಮಾಧಾನದಿಂದ ಮಾತನಾಡಬಲ್ಲೆ ಎಂದು ಅವಳಿಗೇ ಅನ್ನಿಸಿದರೆ ಶುಲ್ಕ ಕಟ್ಟಿ.