ಒಂದೇ ಕಾಲು ಊದಿದ್ದರೆ ಮಸಾಜ್ ಬೇಡ

ಪ್ರಶ್ನೆ: ಅಪ್ಪನಿಗೆ ಮಂಡಿ ಆಪರೇಷನ್ ಆಗಿ ಎರಡು ವಾರವಾಯಿತು. ಈಗ ಎಡಗಾಲಿನ ಮೀನಖಂಡ ಊದಿದೆ, ಮುಟ್ಟಿದರೆ ನೋವು. ಆಕ್ಯುಪ್ರೆಶರ್ ಮಾಡುವವರೊಬ್ಬರು, ‘ರಕ್ತ ಸರಿಯಾಗಿ ಓಡುತ್ತಿಲ್ಲ, ಒತ್ತಿಸಿದರೆ ಇಳಿಯುತ್ತೆ’ ಎನ್ನುತ್ತಾರೆ. ದಿನಕ್ಕೆ ಎಷ್ಟು ಹೊತ್ತು ಒತ್ತಿಸಬಹುದು?

ಉತ್ತರ: ಒಂದು ನಿಮಿಷವೂ ಬೇಡ. ಇದನ್ನು ಓದಿ ಮುಗಿಸುವ ಮೊದಲೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ. ಇವತ್ತೇ ತೋರಿಸಿ, ನಾಳೆಗೆ ಇಡಬೇಡಿ.

ನಾನು ಫಿಸಿಯೋಥೆರಪಿಸ್ಟ್. ಮಸಾಜ್ ನನ್ನ ಕೆಲಸದ ಭಾಗ. ಆದರೂ ಈ ಪ್ರಶ್ನೆ ಬಂದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಒಮ್ಮೆ ಬಾಣಂತಿಯ ಕಾಲು, ಒಮ್ಮೆ ಪ್ಲಾಸ್ಟರ್ ತೆಗೆದ ಕಾಲು, ಒಮ್ಮೆ ದೂರ ಪ್ರಯಾಣ ಮಾಡಿ ಬಂದವರ ಕಾಲು. ಪ್ರಶ್ನೆ ಮಾತ್ರ ಒಂದೇ: ಹೇಗೆ ಒತ್ತಬೇಕು? ಯಾಕೆ ಊದಿದೆ ಅಂತ ಯಾರೂ ಕೇಳುವುದಿಲ್ಲ.

ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಹಾಸಿಗೆ ಹಿಡಿದಾಗ ಆ ಪಂಪ್ ನಿಂತುಬಿಡುತ್ತದೆ. ಆಪರೇಷನ್ ಆದಾಗ ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚಿರುತ್ತದೆ. ಹೀಗಾಗಿ ಒಳಗಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕೂರಬಹುದು. ಇದೇ ಡೀಪ್ ವೇನ್ ಥ್ರಾಂಬೋಸಿಸ್, ಡಿವಿಟಿ. ಹೊರಗಿನಿಂದ ಜೋರಾಗಿ ಒತ್ತಿದಾಗ ಆ ಹೆಪ್ಪಿನ ಒಂದು ಚೂರು ಕಳಚಿಕೊಳ್ಳಬಹುದು. ಅದು ರಕ್ತದ ಜೊತೆ ಹೃದಯ ದಾಟಿ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಅಡ್ಡ ಕೂತರೆ ಜೀವಕ್ಕೇ ಅಪಾಯ.

ಒಬ್ಬರು ನನ್ನ ಬಳಿ ಬಂದಿದ್ದರು. ‘ಸ್ನಾಯು ಹಿಡಿದಿದೆ, ಸ್ವಲ್ಪ ಬಿಡಿಸಿ’ ಅಂದರು. ಮೀನಖಂಡದ ಮೇಲೆ ಕೈ ಇಟ್ಟೆ, ಇನ್ನೊಂದು ಕಾಲಿಗಿಂತ ಬಿಸಿ. ಹೆಬ್ಬೆರಳು ಒತ್ತಿ ತೆಗೆದೆ, ಗುಳಿ ಹಾಗೇ ಉಳಿಯಿತು. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಟೇಪ್ ಸುತ್ತಿ ಎರಡೂ ಕಾಲು ಅಳೆದೆ. 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇತ್ತು. ನೇರವಾಗಿ ರಕ್ತನಾಳದಲ್ಲಿ ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್‌ಗೆ ಕಳಿಸಿದೆ. ಹೆಪ್ಪು ಇತ್ತು. ಅದಕ್ಕೆ ಮೊದಲು ಎರಡು ದಿನ ಮನೆಯಲ್ಲಿ ಕಾಲು ಒತ್ತಿಸಿಕೊಂಡಿದ್ದರಂತೆ. ಅದನ್ನು ಕೇಳಿ ನನ್ನ ಕೈ ತಣ್ಣಗಾಯಿತು.

ಟೇಪಿನಲ್ಲಿ ವ್ಯತ್ಯಾಸ ಸಿಗಲಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಅದು ಸುಳಿವು ಅಷ್ಟೆ, ತೀರ್ಮಾನ ಹೇಳುವುದು ಸ್ಕ್ಯಾನ್. ಹೆಪ್ಪು ಇದ್ದರೆ ಅದು ಬೆಳೆಯದಂತೆ ತಡೆಯುವ ಔಷಧಿ ಇದೆ, ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಕೊಡುತ್ತಾರೆ. ಇದರ ನಡುವೆ ಏಕಾಏಕಿ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ಮುಟ್ಟಿ ನೋಡದೆ, ಹಿನ್ನೆಲೆ ಕೇಳದೆ ‘ಒತ್ತಿದರೆ ಇಳಿಯುತ್ತೆ’ ಅನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆಪರೇಷನ್ ಆಗಿದೆಯಾ, ಗರ್ಭಿಣಿಯಾ, ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ, ಮೂಳೆ ಸವೆದಿದೆಯಾ ಅಂತ ಕೇಳದವರ ಕೈಗೆ ಮೈ ಕೊಡಬೇಡಿ.

ಪ್ರಶ್ನೆ: ವ್ಯಾಯಾಮ ಮಾಡಿದ ಮೇಲೆ ಮಸಾಜ್ ಮಾಡಿಸಿದರೆ ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಗುತ್ತದಾ?

ಉತ್ತರ: ಇಲ್ಲ. ವ್ಯಾಯಾಮದಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಆ ಲ್ಯಾಕ್ಟಿಕ್ ಆಸಿಡ್ (ಲ್ಯಾಕ್ಟೇಟ್) ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಮಸಾಜ್ ದಂಡ ಅಂತ ಅಲ್ಲ. 2012ರಲ್ಲಿ ಸಂಶೋಧಕರು 11 ಯುವಕರಿಗೆ ಕಠಿಣ ವ್ಯಾಯಾಮ ಮಾಡಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಸಾಜ್ ಮಾಡಿ, ಎರಡೂ ಕಾಲಿನ ಸ್ನಾಯುವಿನ ಚೂರು ತೆಗೆದು ನೋಡಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆ ಇದ್ದವು. ಲ್ಯಾಕ್ಟೇಟ್‌ನಲ್ಲಿ ವ್ಯತ್ಯಾಸ ಇರಲಿಲ್ಲ. ಮೈಕೈ ನೋವು ತಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ, ಒಳ್ಳೆ ನಿದ್ದೆ ಬರುತ್ತದೆ. ಇಷ್ಟು ಸಾಕಲ್ವಾ?

ಪ್ರಶ್ನೆ: ಬೊಜ್ಜು ಕರಗಿಸಲು ಹೊಟ್ಟೆಗೆ ಮಸಾಜ್?

ಉತ್ತರ: ಕರಗುವುದಿಲ್ಲ.

ಪ್ರಶ್ನೆ: ಮೈಯ ವಿಷ ತೆಗೆಯುವ ಮಸಾಜ್ ಯಾವುದು?

ಉತ್ತರ: ಅಂಥದ್ದು ಯಾವುದೂ ಇಲ್ಲ. ಆ ಕೆಲಸ ಲಿವರ್, ಕಿಡ್ನಿಯದು.

ಪ್ರಶ್ನೆ: ಸೊಂಟ ನೋವಿಗೆ ಮಾಡಿಸಬಹುದಾ?

ಉತ್ತರ: ಮಾಡಿಸಬಹುದು. ಸ್ವಲ್ಪ ಕಾಲ ಆರಾಮ ಸಿಗುತ್ತದೆ, ಆ ಸಮಯದಲ್ಲಿ ನಡೆಯಲು ಶುರುಮಾಡಿ. ಮೂತ್ರ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿ ಜೋಮು ಹಿಡಿದರೆ ಮಾತ್ರ ಆ ಕ್ಷಣವೇ ಆಸ್ಪತ್ರೆಗೆ.

ಪ್ರಶ್ನೆ: ಆಕ್ಯುಪ್ರೆಶರ್ ಪೂರ್ತಿ ಸುಳ್ಳಾ?

ಉತ್ತರ: ಹಾಗೆ ಹೇಳಲಾರೆ. ಅಂಗಾಲಿನಲ್ಲಿ ಕಿಡ್ನಿ, ಹೃದಯ ಬರೆದ ನಕ್ಷೆಯನ್ನು ನಾನು ನಂಬುವುದಿಲ್ಲ. ಆದರೆ ಮಣಿಕಟ್ಟಿನ ಪಿ6 ಬಿಂದುವಿನ ಮಾತು ಬೇರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆ 59 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2015ರ ವಿಮರ್ಶೆಯಲ್ಲಿ, ಆ ಬಿಂದುವನ್ನು ಪ್ರಚೋದಿಸಿದವರಿಗೆ ಆಪರೇಷನ್ ನಂತರದ ವಾಕರಿಕೆ, ವಾಂತಿ ಕಡಿಮೆ ಇತ್ತು. ಅಂಗೈ ಮೇಲ್ಮುಖವಾಗಿ ಇಟ್ಟು, ಮಣಿಕಟ್ಟಿನ ಗೆರೆಯ ಪಕ್ಕ, ಮೊಣಕೈ ಕಡೆಗೆ, ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಅದರಾಚೆ, ಎರಡು ನರಗಳಂತೆ ಎದ್ದು ಕಾಣುವ ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ. ಉಗುರು ತಾಗಿಸಬೇಡಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ, ಪಾದ ಜೋಮು. ಮುಳ್ಳಿನಂಥ ಗುಬುಟುಗಳಿರುವ ಆಕ್ಯುಪ್ರೆಶರ್ ಚಪ್ಪಲಿ ಹಾಕಲಾ?

ಉತ್ತರ: ಖಂಡಿತ ಬೇಡ. ಜೋಮು ಹಿಡಿದ ಪಾದಕ್ಕೆ ಗಾಯವಾದರೂ ತಿಳಿಯುವುದಿಲ್ಲ. ಮೆತ್ತಗಿನ ಚಪ್ಪಲಿ ಹಾಕಿ, ದಿನಾ ರಾತ್ರಿ ಅಂಗಾಲಿಗೆ ಕನ್ನಡಿ ಹಿಡಿದು ನೋಡಿಕೊಳ್ಳಿ.