ಅಡಿಕೆ ಲೆಕ್ಕದ ಪ್ರೋಗ್ರಾಂ: 120ಕ್ಕೆ 85 ಕೂಡಿದರೆ 12085 ಬರುವುದೇಕೆ?

ಪ್ರಶ್ನೆ: ನಾನು ಡಿಗ್ರಿ ಮೊದಲ ವರ್ಷದ ವಿದ್ಯಾರ್ಥಿನಿ. ಅಪ್ಪ ಅಡಿಕೆ ಮಾರಿದ ಲೆಕ್ಕ ಇಡಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. 120 ಕಿಲೋ, 85 ಕಿಲೋ ಎಂದು ಕೊಟ್ಟರೆ ಮೊತ್ತ 12085 ಎಂದು ತೋರಿಸುತ್ತದೆ. ಮುಚ್ಚಿ ಮತ್ತೆ ತೆರೆದರೆ ಬರೆದದ್ದು ಒಂದೂ ಇರುವುದಿಲ್ಲ. ಡೇಟಾಬೇಸ್ ಕಲಿಯಲೇಬೇಕಾ?
– ಓದುಗರು, ಬದಿಯಡ್ಕ

ಉತ್ತರ: ಡೇಟಾಬೇಸ್ ಈಗಲೇ ಬೇಡ. ಮೊದಲು 12085ರ ವಿಷಯ ನೋಡೋಣ, ಉಳಿದದ್ದಕ್ಕೂ ದಾರಿ ಅಲ್ಲೇ ಇದೆ.

ನೀವು ಏನು ಟೈಪ್ ಮಾಡಿದರೂ ಪೈಥಾನ್‌ನ ಇನ್‌ಪುಟ್ ಫಂಕ್ಷನ್ ಅದನ್ನು ಸ್ಟ್ರಿಂಗ್ ಆಗಿಯೇ ಕೊಡುತ್ತದೆ, ಅಂದರೆ ಬರೀ ಅಕ್ಷರಗಳ ಸಾಲು. ಎರಡು ಸ್ಟ್ರಿಂಗ್‌ಗಳ ನಡುವೆ ಪ್ಲಸ್ ಹಾಕಿದರೆ ಒಂದರ ಬಾಲಕ್ಕೆ ಇನ್ನೊಂದು ಅಂಟುತ್ತದೆ. ಇಂಟ್ ಫಂಕ್ಷನ್‌ಗೆ ಕೊಟ್ಟು ಪೂರ್ಣಾಂಕ ಮಾಡಿಕೊಂಡರೆ 205 ಸರಿಯಾಗಿ ಬರುತ್ತದೆ. ಅಪ್ಪ ಕನ್ನಡ ಅಂಕಿಯಲ್ಲಿ ೮೫ ಎಂದು ಟೈಪ್ ಮಾಡಿದರೂ ಇಂಟ್‌ಗೆ ಅದು ಅರ್ಥವಾಗುತ್ತದೆ!

ಆದರೆ ತೂಕ 85.5 ಇದ್ದರೆ ಇಂಟ್ ಎರರ್ ಕೊಡುತ್ತದೆ. ಆಗ ಎಲ್ಲರೂ ಫ್ಲೋಟ್, ಅಂದರೆ ದಶಮಾಂಶ ಬಿಂದು ಇರುವ ಸಂಖ್ಯೆ, ಬಳಸಿ ಎನ್ನುತ್ತಾರೆ. ದುಡ್ಡಿನ ಲೆಕ್ಕಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಕಂಪ್ಯೂಟರ್ ಒಳಗೆ ಎಲ್ಲವೂ ಸೊನ್ನೆ ಮತ್ತು ಒಂದರಲ್ಲೇ ಇರುತ್ತದೆ, 0.1 ಅದರಲ್ಲಿ ಪೂರ್ತಿ ಹಿಡಿಯುವುದಿಲ್ಲ. ಪೈಥಾನ್ ಜೊತೆಗೇ ಬರುವ ಡೆಸಿಮಲ್ ಮಾಡ್ಯೂಲ್ (ಸಿದ್ಧ ಕೋಡ್) ಬಳಸಿ, ಅದು ನಾವು ಕೈಯಲ್ಲಿ ಮಾಡುವಂತೆ ಹತ್ತರ ಲೆಕ್ಕದಲ್ಲೇ ಸಂಖ್ಯೆ ಇಡುತ್ತದೆ. ಇನ್‌ಪುಟ್ ಕೊಟ್ಟ ಸ್ಟ್ರಿಂಗನ್ನು ನೇರ ಅದಕ್ಕೆ ಕೊಡಿ. ನಡುವೆ ಫ್ಲೋಟ್ ಮಾಡಿದರೆ ಅದೇ ತಪ್ಪು ಒಳಗೆ ನುಸುಳುತ್ತದೆ.

ಇನ್ನು, ತೂಕ1, ತೂಕ2 ಎಂದು ವೇರಿಯೇಬಲ್ ಜಾಸ್ತಿ ಮಾಡುತ್ತಾ ಹೋಗಬೇಡಿ. ಒಂದು ಮಾರಾಟಕ್ಕೆ ಒಂದು ಡಿಕ್ಷನರಿ (ಹೆಸರು ಕೊಟ್ಟು ಬೆಲೆಗಳನ್ನು ಒಟ್ಟಿಗೆ ಇಡುವ ಪೈಥಾನ್‌ನ ಬಗೆ) ಸಾಕು: ದಿನಾಂಕ, ಬಗೆ, ತೂಕ, ದರ. ಎಲ್ಲವನ್ನೂ ಒಂದೇ ಲಿಸ್ಟ್‌ಗೆ ಸೇರಿಸಿ. ಮೊತ್ತವನ್ನು ಬರೆದಿಡಬೇಡಿ, ಬೇಕಾದಾಗ ಲೆಕ್ಕ ಹಾಕಿಸಿ. ನಾಳೆ ತೂಕ ತಿದ್ದಿದರೆ ಹಳೆ ಮೊತ್ತ ಹಾಗೇ ಉಳಿದುಬಿಡುತ್ತದೆ ಅಲ್ವಾ? ಅಡಿಕೆಯ ಬಗೆಯನ್ನೂ ಟೈಪ್ ಮಾಡಿಸಬೇಡಿ. ಒಮ್ಮೆ ಪಟೋರ, ಇನ್ನೊಮ್ಮೆ ಪಟೋರಾ ಎಂದು ಬರೆದರೆ ಪ್ರೋಗ್ರಾಂಗೆ ಅವು ಎರಡು ಬೇರೆ ಬಗೆ. ಹೊಸತು, ಹಳತು, ಪಟೋರ, ಕೋಕ ಎಂದು ಪಟ್ಟಿ ತೋರಿಸಿ, ನಂಬರ್ ಒತ್ತಿಸಿ. ದಿನಾಂಕ 2025-01-09 ರೀತಿ ಇರಲಿ. ವರ್ಷ ಮುಂದಿದ್ದರೆ ಸ್ಟ್ರಿಂಗ್ ಆಗಿದ್ದರೂ ಸರಿಯಾದ ಕ್ರಮದಲ್ಲಿ ಜೋಡಣೆಯಾಗುತ್ತದೆ.

ಲೆಕ್ಕ ಮಾಯವಾಗುವುದು ಅದು ರ‍್ಯಾಮ್‌ನಲ್ಲಿ, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ, ಮಾತ್ರ ಇರುವುದರಿಂದ. ಪ್ರೋಗ್ರಾಂ ನಿಂತರೆ ಆ ಜಾಗ ಖಾಲಿ. ಸಿಎಸ್‌ವಿ ಫೈಲಿಗೆ (ಕಾಮಾದಿಂದ ಬೇರ್ಪಡಿಸಿದ ಸಾಲುಗಳ ಸರಳ ಫೈಲ್) ಬರೆಯಿರಿ, ಅದಕ್ಕೂ ಪೈಥಾನ್‌ನಲ್ಲಿ ಮಾಡ್ಯೂಲ್ ಇದೆ. ಫೈಲ್ ತೆರೆಯುವಾಗ ಮೋಡ್ ಮೇಲೆ ಕಣ್ಣಿಡಿ. 'ಡಬ್ಲ್ಯೂ' ಕೊಟ್ಟರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, 'ಎ' ಕೊಟ್ಟರೆ ಕೊನೆಗೆ ಸೇರುತ್ತದೆ. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಇಡುವ ವಿಧಾನ, ಯುಟಿಎಫ್-8 ಎಂದು ನೀವೇ ಹೇಳಿ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಕನ್ನಡ ಬರೆಯುವಾಗ ಎರರ್ ಬರಬಹುದು.

ಮುಂದಿನ ಸಲ ಪ್ರೋಗ್ರಾಂ ಶುರುವಾದಾಗ ಆ ಫೈಲನ್ನು ಓದಿ ಲಿಸ್ಟ್ ತುಂಬಿಸಬೇಕು. ಇಲ್ಲೇ ನಿಮ್ಮ 12085 ಮತ್ತೆ ಬರುತ್ತದೆ, ಜಾಗ್ರತೆ! ಸಿಎಸ್‌ವಿಯಲ್ಲಿ ಇರುವುದೆಲ್ಲ ಬರೀ ಅಕ್ಷರ. ಓದಿದ ತೂಕ, ದರ ಎರಡನ್ನೂ ಮತ್ತೆ ಡೆಸಿಮಲ್ ಮಾಡಿಕೊಳ್ಳಿ.

ನಡುವಿನ ಒಂದು ಸಾಲು ತಿದ್ದಬೇಕು, ಕಳೆದ ವರ್ಷದ ಕೋಕ ಎಷ್ಟು ಎಂದು ಹುಡುಕಬೇಕು ಎನ್ನುವ ಕೆಲಸ ಹೆಚ್ಚಾದಾಗ ಎಸ್‌ಕ್ಯೂಲೈಟ್‌ಗೆ ಹೋಗಿ. ಅದೂ ಪೈಥಾನ್ ಜೊತೆಗೇ ಬರುತ್ತದೆ, ಸರ್ವರ್ ಬೇಕಿಲ್ಲ, ಇಡೀ ಡೇಟಾಬೇಸ್ ಒಂದೇ ಫೈಲ್. ಅಲ್ಲಿವರೆಗೆ ಸಿಎಸ್‌ವಿ ಫೈಲನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.