ಸೆಬುವಿಗೆ ಐಟಿ ಕೆಲಸಕ್ಕೆ ಹೋಗುವುದಾದರೆ ಮೊದಲು ಹವಾಮಾನ ನೋಡಲು ಕಲಿಯಿರಿ

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಕಂಪನಿಯವರು ಒಂದು ವರ್ಷ ಫಿಲಿಪೈನ್ಸ್‌ನ ಸೆಬು ನಗರಕ್ಕೆ ಹೋಗಿ ಎನ್ನುತ್ತಿದ್ದಾರೆ. ಅಲ್ಲಿ ಐಟಿ ಜನ ಹೇಗೆ, ಟೆಕ್ ಸುದ್ದಿ ಎಲ್ಲಿ ಸಿಗುತ್ತದೆ, ಹೋದರೆ ಬೇಜಾರಾಗುತ್ತದಾ?

ನಾನು 2017ರಿಂದ 2022ರವರೆಗೆ ಅಲ್ಲಿದ್ದೆ. ಹೋಗಿದ್ದು ಕೆಟಿ, ಅಂದರೆ ನಾಲೆಜ್ ಟ್ರಾನ್ಸ್‌ಫರ್, ಕೊಡುವುದಕ್ಕೆ. ಬೆಂಗಳೂರಿನ ಒಂದು ಸಪೋರ್ಟ್ ತಂಡದ ಕೆಲಸವನ್ನು ಸೆಬುವಿನವರಿಗೆ ಕಲಿಸಿ ವಾಪಸ್ ಬರಬೇಕಿತ್ತು. ಆರು ತಿಂಗಳು ಎಂದು ಹೋದವನು ಐದು ವರ್ಷ ಇದ್ದುಬಿಟ್ಟೆ. ಹಾಗಾಗಿ ಬೇಜಾರಿನ ಪ್ರಶ್ನೆಗೆ ಉತ್ತರ ಸಿಕ್ಕಿತು, ಅಲ್ವಾ?

ಟೆಕ್ ಸುದ್ದಿಯ ವಿಷಯಕ್ಕೆ ಬರೋಣ. ಹೋದ ಹೊಸದರಲ್ಲಿ ತಂಡದ ಹುಡುಗಿಯೊಬ್ಬಳನ್ನು ಇದನ್ನೇ ಕೇಳಿದ್ದೆ, ಇಲ್ಲಿ ಟೆಕ್ ಸುದ್ದಿಗೆ ಏನು ನೋಡುತ್ತೀರಿ ಅಂತ. ಅವಳು ಫೋನ್ ತೆಗೆದು ಸಮುದ್ರದ ನಕ್ಷೆ ತೋರಿಸಿದಳು. ಅದು ಪಗಾಸಾ, ಅಲ್ಲಿನ ಹವಾಮಾನ ಇಲಾಖೆ. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದರೆ ಪಗಾಸಾ ಆಗುತ್ತದೆ. ಟಗಾಲೊಗ್ ಭಾಷೆಯಲ್ಲಿ ಆ ಮಾತಿಗೆ ಭರವಸೆ ಎಂದು ಅರ್ಥ. "ಸರ್, ಈ ಚಂಡಮಾರುತ ಈ ಕಡೆ ತಿರುಗಿದರೆ ಶುಕ್ರವಾರದ ಸಾಫ್ಟ್‌ವೇರ್ ರಿಲೀಸ್ ಇಲ್ಲ" ಎಂದಳು. ನಾನು ತಮಾಷೆ ಎಂದುಕೊಂಡೆ.

ತಮಾಷೆ ಅಲ್ಲ ಎಂದು ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು.

2021ರ ಡಿಸೆಂಬರ್ 16ರ ರಾತ್ರಿ ಒಡೆಟ್ ಬಂತು. ಹೊರಗಿನವರು ರೈ ಎಂದು ಕರೆದ ಚಂಡಮಾರುತವೇ ಅದು. ಪಗಾಸಾ ತನ್ನದೇ ಹೆಸರಿಡುತ್ತದೆ, ಊರಿನವರಿಗೆ ಆ ಹೆಸರೇ ನೆನಪಿರುವುದು. ರಾತ್ರಿ ಎಂಟಕ್ಕೆ ಕರೆಂಟ್ ಹೋಯಿತು. ಒಂಬತ್ತರ ನಂತರ ಗಾಳಿ ಸದ್ದು ಹೇಗಿತ್ತೆಂದರೆ, ನಮ್ಮ ಕರಾವಳಿಯ ಆಷಾಢದ ಗಾಳಿ ಕೇಳಿ ಬೆಳೆದ ನಾನೂ ಬಾತ್‌ರೂಮಿನಲ್ಲಿ ಹೋಗಿ ಕೂತೆ. ಬೆಳಿಗ್ಗೆ ನೋಡಿದರೆ ರಸ್ತೆಯುದ್ದ ವಿದ್ಯುತ್ ಕಂಬಗಳು ಅಡ್ಡ ಬಿದ್ದಿದ್ದವು. ಕರೆಂಟ್ ಇಲ್ಲ, ನೀರಿಲ್ಲ, ಸಿಗ್ನಲ್ ಇಲ್ಲ. ಎಟಿಎಂ ಕೆಲಸ ಮಾಡದ ಕಾರಣ ಕೈಯಲ್ಲಿ ದುಡ್ಡೂ ಇಲ್ಲ. ಜಿಕ್ಯಾಶ್ ಎಂಬ ಫೋನ್ ವ್ಯಾಲೆಟ್‌ನಲ್ಲಿ ಸಾವಿರಾರು ಪೆಸೊ ಇಟ್ಟುಕೊಂಡು ನೀರಿನ ಕ್ಯಾನಿಗೆ ಸಾಲ ಹೇಳಿದೆ. ನೀವು ಯುಪಿಐ ನಂಬಿ ಪರ್ಸ್ ಬಿಟ್ಟವರಾದರೆ ಇದನ್ನು ಗಮನಿಸಿ.

ಎರಡನೇ ದಿನ ಆಫೀಸಿಗೆ ನಡೆದುಕೊಂಡು ಹೋದೆ. ಅಲ್ಲಿ ಜನರೇಟರ್ ಓಡುತ್ತಿತ್ತು. ಟ್ರೈನಿಂಗ್ ರೂಮಿನಲ್ಲಿ ಚಾಪೆ ಹಾಸಿ ನಮ್ಮ ತಂಡದವರ ಅಪ್ಪ ಅಮ್ಮ, ಮಕ್ಕಳು, ಒಬ್ಬನ ನಾಯಿ ಕೂಡ ಮಲಗಿದ್ದರು. ಪ್ರತಿ ಪ್ಲಗ್ ಪಾಯಿಂಟಿಗೆ ಐದಾರು ಫೋನ್. ಮನೆಯ ಛಾವಣಿ ಹಾರಿಹೋದ ಹುಡುಗ ಹೆಡ್‌ಸೆಟ್ ಹಾಕಿಕೊಂಡು ಯಾವುದೋ ದೇಶದ ಗ್ರಾಹಕನ ಪಾಸ್‌ವರ್ಡ್ ರೀಸೆಟ್ ಮಾಡಿಕೊಡುತ್ತಿದ್ದ. ಅದೇ ವಾರ ಕ್ಲೈಂಟ್ ಕಡೆಯಿಂದ ಮೇಲ್ ಬಂತು, ಗ್ರಾಹಕರ ದೂರಿನ ಟಿಕೆಟ್‌ಗಳು ಯಾಕೆ ತಡವಾಗುತ್ತಿವೆ ಎಂದು. ನಾನು ಉತ್ತರ ಬರೆದು, ಅಳಿಸಿ, ಮತ್ತೆ ಬರೆದೆ. ಕಳಿಸಿದ್ದು ಮೂರನೆಯದು. ಮೊದಲ ಎರಡು ಇಲ್ಲಿ ಹಾಕುವಂಥವಲ್ಲ.

ನಗರದ ಎಲ್ಲ ಕಡೆಗೂ ಕರೆಂಟ್ ವಾಪಸ್ ಬರಲು ವಾರಗಳೇ ಹಿಡಿದವು. ಆ ವಾರಗಳಲ್ಲಿ ನನಗೆ ಕಂಡ ಐಟಿ ಸಮುದಾಯ ಬೇರೆ ಯಾವ ಮೀಟಪ್‌ನಲ್ಲೂ ಕಂಡಿಲ್ಲ. ಯಾವ ಬೀದಿಯಲ್ಲಿ ಸಿಗ್ನಲ್ ಇದೆ, ಯಾವ ಮಾಲ್‌ನಲ್ಲಿ ಚಾರ್ಜ್ ಮಾಡಲು ಬಿಡುತ್ತಾರೆ, ಯಾರ ಮನೆಯಲ್ಲಿ ಬಾವಿ ಇದೆ ಎಂದು ನಮ್ಮ ಹುಡುಗರು ಒಂದು ಸ್ಪ್ರೆಡ್‌ಶೀಟ್ ಮಾಡಿದ್ದರು. ಸಿಗ್ನಲ್ ಸಿಕ್ಕವನು ತುಂಬುತ್ತಿದ್ದ. ನಾನು ಕೆಟಿ ಕೊಟ್ಟ ಯಾವ ಡಾಕ್ಯುಮೆಂಟೂ ಅಷ್ಟು ಚೆನ್ನಾಗಿ ಅಪ್‌ಡೇಟ್ ಆದದ್ದಿಲ್ಲ.

ಹಾಗಾಗಿ ನನ್ನ ಉತ್ತರ ಇದು: ಸೆಬುವಿನಲ್ಲಿ ಟೆಕ್ ಸುದ್ದಿ ಎಂದರೆ ಕರೆಂಟ್, ಕೇಬಲ್, ಸಿಗ್ನಲ್. ಹೊಸ ಫೋನು, ಹೊಸ ಸ್ಟಾರ್ಟಪ್ ಎಲ್ಲ ಆಮೇಲೆ. ಕರೆಂಟ್ ಪೂರ್ತಿ ಹೋದರೂ ಅಲ್ಲಿ "ಬ್ರೌನ್‌ಔಟ್" ಎನ್ನುತ್ತಾರೆ, ಪವರ್ ಕಟ್ ಎಂದರೆ ನಿಮ್ಮ ಮುಖ ನೋಡುತ್ತಾರೆ. ಊರಿನ ಪತ್ರಿಕೆಗಳು ಸನ್‌ಸ್ಟಾರ್ ಸೆಬು, 1919ರಲ್ಲಿ ಶುರುವಾದ ದಿ ಫ್ರೀಮನ್, ಮತ್ತೆ ಈಗ ಆನ್‌ಲೈನ್‌ನಲ್ಲಿ ಮಾತ್ರ ಬರುವ ಸೆಬು ಡೈಲಿ ನ್ಯೂಸ್. ಮೂರೂ ಇಂಗ್ಲಿಷ್. ಆದರೆ ಜನಕ್ಕೆ ಸುದ್ದಿ ಮುಟ್ಟುವುದು ಫೇಸ್‌ಬುಕ್‌ನಲ್ಲಿ. ಅಲ್ಲಿ ಫೇಸ್‌ಬುಕ್ ಇಲ್ಲದಿದ್ದರೆ ನೀವು ಊರಲ್ಲೇ ಇಲ್ಲ ಎಂದು ಲೆಕ್ಕ.

ಸಿಗ್ನಲ್ ಎಂದಾಗ ಇನ್ನೊಂದು ನೆನಪು. ಜನವರಿ ಮೂರನೇ ಭಾನುವಾರ ಅಲ್ಲಿ ಸಿನುಲೋಗ್ ಜಾತ್ರೆ. ಬಾಲ ಯೇಸುವಿನ ಹಬ್ಬ, ಊರಿಗೆ ಊರೇ ಬೀದಿಯಲ್ಲಿ ಕುಣಿಯುತ್ತದೆ. 2018ರಲ್ಲಿ ಭದ್ರತೆಗೆಂದು ಮೆರವಣಿಗೆಯ ಹೊತ್ತಿಗೆ ಮೊಬೈಲ್ ಸಿಗ್ನಲ್ ನಿಲ್ಲಿಸಿದ್ದರು. ಹಿಂದಿನ ವರ್ಷವೂ ಹಾಗೇ ಮಾಡಿದ್ದರಂತೆ. ನನಗೆ ಗಾಬರಿ, ತುರ್ತು ಕರೆಗೆ ಸಿಗಬೇಕಾದ ಆನ್-ಕಾಲ್ ಸರದಿ ನನ್ನದೇ. ಪಕ್ಕದ ಹುಡುಗ ಮಾತ್ರ ಖುಷಿಯಾಗಿದ್ದ. "ಬಾಯ್, ವರ್ಷಕ್ಕೊಂದು ದಿನ ಯಾರೂ ಕರೆಯೋಕಾಗಲ್ಲ" ಎಂದ. ಬಾಯ್ ಎಂದರೆ ಅಲ್ಲಿನ ಬಿಸಾಯ ಭಾಷೆಯಲ್ಲಿ ನಮ್ಮ "ಮಗಾ" ಇದ್ದಂತೆ. ಅಂದ ಹಾಗೆ, ಸೆಬುವಿನವರ ಭಾಷೆ ಟಗಾಲೊಗ್ ಅಲ್ಲ. ಮನಿಲಾದವರು ಬಂದು ಟಗಾಲೊಗ್ ಮಾತಾಡಿದರೆ ಇವರು ಇಂಗ್ಲಿಷ್‌ನಲ್ಲಿ ಉತ್ತರಿಸುವುದನ್ನು ನೋಡಿದ್ದೇನೆ. ಬೆಂಗಳೂರಿನಿಂದ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಮಾತು ಬಿಸಾಯ ಕಲಿಯಿರಿ, ಬಾಗಿಲು ತಾನಾಗಿ ತೆರೆಯುತ್ತದೆ.

ಸೆಬುವನ್ನು ಮನಿಲಾದ ಬಾಲ ಎಂದುಕೊಂಡು ಹೋಗಬೇಡಿ. 1994ರ ಮಾರ್ಚ್ 29ರಂದು ಫಿಲಿಪೈನ್ಸ್‌ಗೆ ಇಂಟರ್ನೆಟ್ ಬಂತು. ತಂತಿ ಜೋಡಿಸಿದ್ದು ಮನಿಲಾ ಪಕ್ಕದ ಮಕಾಟಿಯಲ್ಲಿ, ನಡುರಾತ್ರಿ ಕಳೆದ ಮೇಲೆ. ಆ ಸುದ್ದಿಯನ್ನು ಸಭೆಗೆ ಹೇಳಿದ್ದು ಮಾತ್ರ ಸೆಬುವಿನಲ್ಲಿ. ತಲಂಬಾನ್ ಎಂಬಲ್ಲಿರುವ ಸ್ಯಾನ್ ಕಾರ್ಲೋಸ್ ವಿಶ್ವವಿದ್ಯಾಲಯದಲ್ಲಿ ಅಂದು ಇಮೇಲ್ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯುತ್ತಿತ್ತು. ಇಡೀ ದೇಶಕ್ಕೆ ಸಿಕ್ಕ ಲೈನ್ ಸೆಕೆಂಡಿಗೆ 64 ಕಿಲೋಬಿಟ್. ನಮ್ಮಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು ಮರು ವರ್ಷದ ಆಗಸ್ಟ್ 15ಕ್ಕೆ. ಇದನ್ನು ಆಫೀಸಿನಲ್ಲಿ ಹೇಳಿದರೆ ಹಿರಿಯರು ಖುಷಿಪಡುತ್ತಾರೆ, ಚಿಕ್ಕವರಿಗೆ ಗೊತ್ತೇ ಇರುವುದಿಲ್ಲ.

ನೀವು ಕೆಲಸ ಮಾಡುವುದು ಬಹುಶಃ ಲಾಹುಗ್‌ನ ಸೆಬು ಐಟಿ ಪಾರ್ಕ್‌ನಲ್ಲಿ. ಅದು ಹಿಂದೆ ವಿಮಾನ ನಿಲ್ದಾಣವಾಗಿತ್ತು. ವಿಮಾನಗಳು ಪಕ್ಕದ ಮಕ್ತಾನ್ ದ್ವೀಪಕ್ಕೆ ಹೋದ ಮೇಲೆ ಜಾಗ ಖಾಲಿ ಬಿದ್ದಿತ್ತು. ವೈಟ್‌ಫೀಲ್ಡ್ ನೋಡಿದವರಿಗೆ ತೀರಾ ಚಿಕ್ಕದು ಅನಿಸುತ್ತದೆ. ಈ ತುದಿಯಿಂದ ಆ ತುದಿಗೆ ಹದಿನೈದು ನಿಮಿಷದ ನಡಿಗೆ. ಆದರೆ ಅದಕ್ಕೆ ಬೆಳಗಾಗುವುದು ರಾತ್ರಿ. ಅಮೆರಿಕದ ಪೂರ್ವ ತೀರದಲ್ಲಿ ಬೆಳಿಗ್ಗೆ ಒಂಬತ್ತಾದರೆ ಅಲ್ಲಿ ರಾತ್ರಿ ಒಂಬತ್ತೋ ಹತ್ತೋ. ನಡುರಾತ್ರಿ ಮೂರಕ್ಕೆ ಕೆಳಗಿಳಿದರೆ ಊಟದ ಹೊತ್ತಿನ ಗದ್ದಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಕೆಲಸಕ್ಕೆ ಕಾನೂನಿನ ಪ್ರಕಾರ ಕನಿಷ್ಠ ಶೇಕಡ 10 ಜಾಸ್ತಿ ಕೊಡಬೇಕು. ಡಿಸೆಂಬರ್ 24ರೊಳಗೆ ಹದಿಮೂರನೇ ತಿಂಗಳ ಸಂಬಳ ಬೇರೆ. ಅಲ್ಲಿನ ಕರಾರಿನ ಮೇಲೆ ಹೋಗುವುದಾದರೆ ಇವೆರಡನ್ನೂ ಎಚ್‌ಆರ್ ಬಳಿ ಬಾಯಿಬಿಟ್ಟು ಕೇಳಿ.

ಮೀಟಪ್‌ಗಳಿವೆ. ಯುಪಿ ಸೆಬು, ಅಂದರೆ ಫಿಲಿಪೈನ್ಸ್ ವಿಶ್ವವಿದ್ಯಾಲಯದ ಸೆಬು ಕಾಲೇಜು, ಅದೇ ಲಾಹುಗ್‌ನಲ್ಲಿದೆ, ಹುಡುಗರು ಹಾಗೇ ಬರುತ್ತಾರೆ. ಭಾಷಣ ಇಂಗ್ಲಿಷ್, ಜೋಕು ಬಿಸಾಯ, ಕೊನೆಗೆ ಹಾಡು. ಹಾಡದೆ ಬಿಡುವುದಿಲ್ಲ. ಗೀಕ್ಸ್ ಆನ್ ಎ ಬೀಚ್ ಎಂಬ ಸ್ಟಾರ್ಟಪ್ ಸಮ್ಮೇಳನ 2013ರಲ್ಲಿ ಬೊರಾಕೇ ದ್ವೀಪದಲ್ಲಿ ಶುರುವಾಗಿ ಮುಂದೆ ಸೆಬುವಿಗೂ ಬಂತು. ಹೆಸರೇ ಹೇಳುವಂತೆ ಚಪ್ಪಲಿ ಹಾಕಿಕೊಂಡು ಹೋಗಬಹುದಾದ ಸಮ್ಮೇಳನ. ಬೆಂಗಳೂರಿನಷ್ಟು ಆಳದ ಎಂಜಿನಿಯರಿಂಗ್ ಚರ್ಚೆ ನಿರೀಕ್ಷಿಸಿದರೆ ಸ್ವಲ್ಪ ನಿರಾಸೆ ಆಗಬಹುದು. ಕಾಲ್ ಸೆಂಟರ್, ಬ್ಯಾಕ್ ಆಫೀಸ್ ಕೆಲಸವೇ ಅಲ್ಲಿ ಜಾಸ್ತಿ. ಜಪಾನಿನ ಕಂಪನಿಗಳ ಸಾಫ್ಟ್‌ವೇರ್ ಶಾಖೆಗಳೂ ಇವೆ. ಜಪಾನಿ ಭಾಷೆ ಬಂದರೆ ನಿಮ್ಮ ಬೆಲೆ ಏರುತ್ತದೆ.

ನನ್ನ ಹಳೆಯ ತಂಡದವರು ಈಗ ಮಾತಾಡುವುದು ಎಐ ಬಗ್ಗೆ. ಮೊದಲ ಹಂತದ ಚಾಟ್ ಎಲ್ಲ ಬಾಟ್ ಕೈಗೆ ಹೋಗಿದೆಯಂತೆ. ಆ ಕೆಲಸವನ್ನು ಬೆಂಗಳೂರಿನಿಂದ ಕಿತ್ತು ಅವರಿಗೆ ಕೊಟ್ಟವನು ನಾನೇ. ಕೊಡುವಾಗ ನಮ್ಮಲ್ಲಿ ಕೆಲವರು ಮುಖ ಸಣ್ಣ ಮಾಡಿಕೊಂಡಿದ್ದು ನೆನಪಿದೆ. ಈಗ ಅವರ ಸರದಿ. ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಬಾಯಿ ಬರುವುದಿಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಸ್ಯಾಹಾರಿಯಾದರೆ ಕುಕ್ಕರ್ ಒಯ್ಯಿರಿ. ಅಲ್ಲಿನ ಹೆಮ್ಮೆ ಲೆಚೋನ್, ಇಡೀ ಹಂದಿ ಸುಟ್ಟದ್ದು. ಆದರೆ ಪೂಸೊ ಎಂದೊಂದಿದೆ. ತೆಂಗಿನ ಗರಿ ಹೆಣೆದು, ಒಳಗೆ ಅಕ್ಕಿ ತುಂಬಿ ಬೇಯಿಸಿ, ಗೊಂಚಲು ಗೊಂಚಲಾಗಿ ನೇತುಹಾಕಿ ಮಾರುತ್ತಾರೆ. ಮೊದಲ ಸಲ ನೋಡಿದಾಗ ನಮ್ಮ ಮೂಡೆಯ ನೆನಪಾಗಿ ನಾಲ್ಕು ಕೊಂಡೆ. ಒಳಗೆ ಬರೀ ಅನ್ನ. ಊರಿನ ಉಪ್ಪಿನಕಾಯಿ ಇದ್ದರೆ ಅದೇ ಹಬ್ಬ.

ಹೊರಡುವ ಮೊದಲು: ಅಲ್ಲಿನ ಸಾಕೆಟ್‌ಗೆ ಚಪ್ಪಟೆ ಪಿನ್ ಬೇಕು, ನಮ್ಮ ಗುಂಡು ಪಿನ್ ಹೋಗುವುದಿಲ್ಲ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, ಒಂದು ಸತ್ತಾಗ ಇನ್ನೊಂದು ಸಿಗಬಹುದು. ಮನೆ ನೋಡುವಾಗ ಬಾಡಿಗೆ ಕೇಳುವ ಮೊದಲು ಕಟ್ಟಡಕ್ಕೆ ಜನರೇಟರ್ ಇದೆಯಾ ಕೇಳಿ, ಇದ್ದರೆ ಅದು ಬರೀ ಲಿಫ್ಟಿಗೋ ಮನೆಗೂ ಉಂಟೋ ಎಂದು ಮತ್ತೊಮ್ಮೆ ಕೇಳಿ. ಪವರ್ ಬ್ಯಾಂಕ್ ಒಂದಲ್ಲ, ಎರಡು. ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.